ಮಾರೆಮ್ಮ ಗಂಡ ಹುಸೇನಪ್ಪ

"ನಿನ್ನ ಹೆಸರಿನ ಮ್ಯಾಲ ಸಾಲ ಅದ ಅಮ್ಮಾ. ನಲವತ್ತೊಂದು ಸಾವಿರ. ಎರಡು ವರ್ಷ ಆತು, ಒಂದು ಕಂತೂ ಕಟ್ಟಿಲ್ಲ."

ಮಾನ್ವಿಯ ಬ್ಯಾಂಕಿನ ಮ್ಯಾನೇಜರು ವಿಜಯಲಕ್ಷ್ಮಿ ಮೇಡಂ ಈ ಮಾತನ್ನು ಕಂಪ್ಯೂಟರಿನ ಕಡೆ ನೋಡುತ್ತಲೇ ಹೇಳಿದರು. ಮಾರೆಮ್ಮ ಮೇಜಿನ ಮುಂದೆ ನಿಂತಿದ್ದಳು. ಕೈಯಲ್ಲಿ ಆಡು ಸಾಕಲು ನೆರವು ಕೊಡುವ ಪರಿಶಿಷ್ಟ ಜಾತಿ ನಿಗಮದ ಪತ್ರವಿತ್ತು. ಆ ಒಂದು ಪತ್ರಕ್ಕೆ ಅವಳು ಮೂರು ವರ್ಷ ಅರ್ಜಿ ಹಾಕಿದ್ದಳು. ಲಕ್ಷ ರೂಪಾಯಿ. ಅರ್ಧ ಸರಕಾರದ್ದು, ಅರ್ಧ ಬ್ಯಾಂಕಿನ ಸಾಲ. ಬ್ಯಾಂಕು ಹೂಂ ಅಂದರೆ ಸರಕಾರದ ಅರ್ಧ ಬರುತ್ತದೆ. ಬ್ಯಾಂಕು ಉಹೂಂ ಅಂದರೆ ಎರಡೂ ಇಲ್ಲ.

"ನಾ ಎಲ್ಲೂ ಸಾಲ ಮಾಡಿಲ್ರೀ."

"ದೇವದುರ್ಗದಾಗ ಒಂದು ಫೈನಾನ್ಸಿನಾಗ ಮಾಡೀದಿ."

"ದೇವದುರ್ಗಾ ನಾ ಕಣ್ಣಿಲೆ ನೋಡಿಲ್ರೀ ಯವ್ವಾ."

ಮೇಡಂ ಪರದೆಯನ್ನು ಅವಳ ಕಡೆ ತಿರುಗಿಸಿದರು. "ನೋಡು. ಮಾರೆಮ್ಮ. ಗಂಡ ಹುಸೇನಪ್ಪ. ಹುಟ್ಟಿದ ತಾರೀಖು ಒಂದನೇ ಜನವರಿ ಎಂಬತ್ತೆರಡು. ಜಿಲ್ಲಾ ರಾಯಚೂರು. ಇದು ನೀನ ಹೌದಲ್ಲೋ?"

ಮಾರೆಮ್ಮನಿಗೆ ಓದಲು ಬರುತ್ತಿರಲಿಲ್ಲ. ಆದರೆ ಹೇಳಿದ್ದೆಲ್ಲ ಅವಳದೇ ಆಗಿತ್ತು.

"ಹೆಸರು ನಂದ ರೀ. ಸಾಲ ನಂದಲ್ಲ."

"ಸಾಲ ನಿಂದಲ್ಲ ಅಂತ ರಿಪೋರ್ಟಿನಾಗ ಬರಬೇಕು. ನಾ ನಂಬಿದ್ರ ಸಾಲಂಗಿಲ್ಲ. ಮಾರ್ಚ್ ಮೂವತ್ತೊಂದರೊಳಗ ಸರಿ ಮಾಡಿಸ್ಕೊಂಡು ಬಾ. ಆಮ್ಯಾಲ ನಿಗಮದ ದುಡ್ಡು ವಾಪಸ್ ಹೋಗ್ತದ."

ಅದು ಜನವರಿಯ ಎರಡನೇ ವಾರ.

ಮಾರೆಮ್ಮ ಚನ್ನವೀರ ಸಾಹುಕಾರರ ಅಕ್ಕಿ ಗಿರಣಿಯಲ್ಲಿ ಹತ್ತೊಂಬತ್ತು ವರ್ಷ ಕೂಲಿ ಮಾಡಿದ್ದಳು. ಕುದಿಸಿದ ಭತ್ತವನ್ನು ಬುಟ್ಟಿಯಲ್ಲಿ ಹೊತ್ತು ಸಿಮೆಂಟಿನ ಕಣಕ್ಕೆ ಸುರಿಯಬೇಕು. ಹಸಿ ಬುಟ್ಟಿ ಮೂವತ್ತು ಕಿಲೋ ತೂಗುತ್ತದೆ. ಬಿಸಿ ನೀರು ಕುತ್ತಿಗೆಗೆ ಇಳಿಯುತ್ತದೆ. ಆಮೇಲೆ ಬಿಸಿಲಲ್ಲಿ ಬರಿಗಾಲಲ್ಲಿ ನಡೆಯುತ್ತ ಭತ್ತವನ್ನು ಕಾಲಿನಿಂದಲೇ ತಿರುವಬೇಕು. ದಿನಕ್ಕೆ ನೂರಿಪ್ಪತ್ತು ಬುಟ್ಟಿ. ಗಂಡ ಹುಸೇನಪ್ಪ ಅದೇ ಗಿರಣಿಯಲ್ಲಿ ಹಮಾಲಿಯಾಗಿದ್ದ. ಏಳು ವರ್ಷದ ಹಿಂದೆ ಚೀಲದ ನಿಟ್ಟು ಕುಸಿದು ಅವನ ಮೇಲೆ ಬಿತ್ತು. ಸಾಹುಕಾರರು ಮಣ್ಣಿಗೆ ಐದು ಸಾವಿರ ಕೊಟ್ಟರು. ಹದಿಮೂರನೆಯ ದಿನಕ್ಕೆ ಮಾರೆಮ್ಮ ಮತ್ತೆ ಬುಟ್ಟಿ ಹೊತ್ತಳು. ಇದ್ದ ಒಬ್ಬ ಮಗಳನ್ನು ಸಿರವಾರಕ್ಕೆ ಕೊಟ್ಟು ಮದುವೆ ಮಾಡಿದಳು. ಈಗ ಒಬ್ಬಳೇ ಇದ್ದಳು.

ನಾಲ್ಕು ವರ್ಷದಿಂದ ಅವಳ ಗರ್ಭಕೋಶ ಜಾರಿತ್ತು. ಬುಟ್ಟಿ ಎತ್ತಿದಾಗ ಅದು ಕೆಳಗೆ ಬರುತ್ತಿತ್ತು. ಅವಳು ಹಳೆಯ ಸೀರೆಯ ತುಂಡನ್ನು ಲಂಗೋಟಿಯ ಹಾಗೆ ಬಿಗಿದು ಕಟ್ಟಿಕೊಂಡು ಕೆಲಸ ಮಾಡುತ್ತಿದ್ದಳು. ಉಚ್ಚೆ ತಡೆಯುತ್ತಿರಲಿಲ್ಲ. ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ಬೈದು ಹೇಳಿದ್ದಳು: "ಭಾರ ಎತ್ತಬ್ಯಾಡ. ಎತ್ತಿದ್ರ ಆಪರೇಷನ್ ಮಾಡಿದ್ರೂ ನಿಲ್ಲಂಗಿಲ್ಲ."

ಭಾರ ಎತ್ತದೆ ಏನು ಮಾಡುವುದು? ರೊಟ್ಟಿ ಬಡಿದು ಮಾರುವುದು ಅವಳಿಗೆ ಚೆನ್ನಾಗಿ ಬರುತ್ತಿತ್ತು. ಆದರೆ ಕೇರಿಯ ಹೆಂಗಸಿನ ರೊಟ್ಟಿಯನ್ನು ಯಾವ ಖಾನಾವಳಿಯವರು ಕೊಳ್ಳುತ್ತಾರೆ? ಎಮ್ಮೆ ಸಾಕಿದರೂ ಹಾಲು ಕೊಳ್ಳುವವರಿಲ್ಲ. ಆಡು ಸರಿ. ಸಂತೆಯಲ್ಲಿ ಆಡಿನ ಹಲ್ಲು ನೋಡುತ್ತಾರೆ, ಸಾಕಿದವಳ ಜಾತಿ ಕೇಳುವುದಿಲ್ಲ. ಹತ್ತು ಆಡು, ಒಂದು ಹೋತ. ಅವುಗಳ ಹಿಂದೆ ನಡೆಯುವುದು ಅಷ್ಟೇ. ನಡೆಯಲು ಅವಳಿಗೆ ಇನ್ನೂ ಬರುತ್ತಿತ್ತು.

ಬಸ್ ಸ್ಟ್ಯಾಂಡಿನ ಹಿಂದೆ ಬುರ್ಹಾನುದ್ದೀನನ ಆನ್‌ಲೈನ್ ಅಂಗಡಿಯಿತ್ತು. ಪಿಂಚಣಿ, ರೇಷನ್ನು, ಪಹಣಿ, ಎಲ್ಲ ಅಲ್ಲೇ. ಅವನು ನೂರು ರೂಪಾಯಿ ತೆಗೆದುಕೊಂಡು ಅವಳ ಸಾಲದ ರಿಪೋರ್ಟು ತೆಗೆದ. ನಾಲ್ಕು ಹಾಳೆ. ಬೆರಳಿಟ್ಟು ಓದಿದ.

"ಅರೆ ಅಕ್ಕಾ, ಇದು ನಿಂದಲ್ಲ ಬಿಡು. ಇಲ್ಲಿ ನೋಡು, ವೋಟರ್ ಕಾರ್ಡಿನ ನಂಬರೇ ಬ್ಯಾರೆ ಅದ. ವಿಳಾಸ ದೇವದುರ್ಗ. ಯಾರೋ ಇನ್ನೊಬ್ಬಾಕಿ ಮಾರೆಮ್ಮನ ಸಾಲ ತಂದು ನಿನ್ನ ಹೆಸರಿಗೆ ಅಂಟಿಸ್ಯಾರ."

"ಗಂಡನ ಹೆಸರೂ ಕೂಡತದಲ್ಲಪ್ಪ."

"ಹುಸೇನಪ್ಪ ಅಂತ ನಮ್ಮ ಜಿಲ್ಲಾದಾಗ ಎಷ್ಟು ಮಂದಿ ಅದಾರ? ಮೊಹರಮ್ಮಿನ ಪೀರಲ ಹಬ್ಬದಾಗ ಹರಕಿ ಹೊತ್ತವರೆಲ್ಲ ಮಗನಿಗೆ ಅದನ ಇಡ್ತಾರ."

"ಹುಟ್ಟಿದ್ದೂ ಒಂದ ದಿನ?"

ಬುರ್ಹಾನುದ್ದೀನ ನಕ್ಕ. ಆಮೇಲೆ ನಗುವುದು ಬಿಟ್ಟ. ಕಾರ್ಡು ಮಾಡುವವರು ಬಂದ ದಿನ ಅವನೂ ಅಲ್ಲಿ ಕೆಲಸಕ್ಕಿದ್ದ. ಶಾಲೆಯ ಮುಂದೆ ಕೇರಿಯ ಹೆಂಗಸರ ಸಾಲು. ಹುಟ್ಟಿದ ತಾರೀಖು ಯಾರಿಗೆ ಗೊತ್ತು? ದೊಡ್ಡ ಮಳೆ ಬಂದ ವರ್ಷ, ಅವ್ವ ಹೊಲದಲ್ಲಿ ಹೆತ್ತ ವರ್ಷ. ಮಶೀನಿನ ಮುಂದೆ ಕೂತವನು ಮುಖ ನೋಡಿ ವಯಸ್ಸು ಅಂದಾಜು ಮಾಡಿದ. ತಿಂಗಳು ದಿನ ಮಾತ್ರ ಎಲ್ಲರಿಗೂ ಒಂದೇ ಒತ್ತಿದ. ಒಂದನೇ ಜನವರಿ. ಹೀಗೆ ಇಡೀ ಕೇರಿ ಒಂದೇ ದಿನ ಹುಟ್ಟಿತು. ದೇವದುರ್ಗದ ಕೇರಿಯೂ ಅವತ್ತೇ ಹುಟ್ಟಿರಬೇಕು.

"ತಕರಾರು ಹಾಕೋಣ," ಅಂದ ಅವನು. ತಕರಾರಿನ ಫಾರ್ಮಿನಲ್ಲಿ ಅವಳ ಫೋನ್ ನಂಬರು ಹಾಕಿದ. ಮಾನ್ವಿಯ ಮನೆಯ ವಿಳಾಸ ಹಾಕಿದ. ಹುಸೇನಪ್ಪನ ಮರಣ ಪತ್ರ ಸ್ಕ್ಯಾನ್ ಮಾಡಿ ಜೋಡಿಸಿದ. ಸಾಲ ಕೊಟ್ಟದ್ದು ಮೂರೂವರೆ ವರ್ಷದ ಹಿಂದೆ. ಗಂಡನ ಸಹಿ ಇದೆ ಎಂದು ರಿಪೋರ್ಟು ಹೇಳುತ್ತದೆ. ಅವಳ ಗಂಡ ಸತ್ತು ಏಳು ವರ್ಷ. ಇದಕ್ಕಿಂತ ಇನ್ನೇನು ಬೇಕು?

"ಮೂವತ್ತು ದಿನದಾಗ ಜವಾಬು ಬರ್ತದ ಅಕ್ಕಾ. ಪಕ್ಕಾ."

ಮೂವತ್ತು ದಿನ ಮಾರೆಮ್ಮ ಬುಟ್ಟಿ ಹೊತ್ತಳು. ಮೂವತ್ತೊಂದನೆಯ ದಿನ ಬುರ್ಹಾನುದ್ದೀನ ಫೋನು ನೋಡಿ ಹೇಳಿದ: "ಸಾಲ ಕೊಟ್ಟ ಸಂಸ್ಥಾದವರನ್ನ ಕೇಳೀವಿ, ಮಾಹಿತಿ ಸರಿ ಅದ ಅಂತ ತಿಳಿಸ್ಯಾರ ಅಂತ ಬರದಾರ."

"ಯಾರನ್ನ ಕೇಳ್ಯಾರ?"

"ಅವರನ್ನ. ಫೈನಾನ್ಸಿನವರನ್ನ."

"ತಪ್ಪು ಮಾಡಿದವರನ್ನ ತಪ್ಪು ಮಾಡೀರೇನು ಅಂತ ಕೇಳ್ಯಾರ. ಅವರು ಇಲ್ಲ ಅಂದಾರ."

"ಹೂಂ ಅಕ್ಕಾ."

"ಮಣ್ಣು ಮಾಡಿದ ಗಂಡನ ಕಾಗದ?"

ಬುರ್ಹಾನುದ್ದೀನ ಫೋನನ್ನು ಮೇಜಿನ ಮೇಲೆ ಕವುಚಿಟ್ಟ.

ಮರುದಿನದಿಂದ ಫೋನು ಬರತೊಡಗಿತು. ಕಣದಲ್ಲಿ ಭತ್ತ ತಿರುವುವಾಗ, ಬಹಿರ್ದೆಸೆಗೆ ಕೂತಾಗ. "ಮಾರೆಮ್ಮ ಏನು? ದೇವದುರ್ಗದಿಂದ ಓಡಿ ಮಾನ್ವಿಗೆ ಬಂದು ಕುಂತೀದಿ? ನಂಬರ್ ಸಿಗಂಗಿಲ್ಲ ಅಂದ್ಕೊಂಡಿದ್ದೀಯೇನು? ದುಡ್ಡು ಕಟ್ತೀಯೋ, ಮನಿಗೆ ಬರ್ಬೇಕೋ?" ನಂಬರು ಅವರಿಗೆ ಎಲ್ಲಿಂದ ಸಿಕ್ಕಿತೆಂದು ಅವಳಿಗೆ ಹೊಳೆಯಲು ನಾಲ್ಕು ದಿನ ಹಿಡಿಯಿತು. ತಕರಾರಿನ ಫಾರ್ಮಿನಿಂದ ಸಿಕ್ಕಿತ್ತು. ಸಾಲ ನನ್ನದಲ್ಲ ಎಂದು ಬರೆದ ಕಾಗದವೇ ಸಾಲಗಾರಳ ವಿಳಾಸವಾಗಿತ್ತು.

ಫೆಬ್ರವರಿ ಕೊನೆಗೆ ಅವಳು ರಾಯಚೂರಿಗೆ ಹೋದಳು. ಬಸ್ಸು ಹೆಂಗಸರಿಗೆ ಪುಕ್ಕಟೆ. ಕೂಲಿ ಮಾತ್ರ ಹೋಗುತ್ತಿತ್ತು, ದಿನಕ್ಕೆ ನಾನೂರು. ಫೈನಾನ್ಸಿನ ಆಫೀಸು ಸ್ಟೇಷನ್ ರಸ್ತೆಯಲ್ಲಿ, ಒಂದು ಮೊಬೈಲ್ ಅಂಗಡಿಯ ಮೇಲೆ. ಮೊದಲ ಸಲ ಹೋದಾಗ ಸಾಹೇಬರು ಮೀಟಿಂಗಿನಲ್ಲಿದ್ದರು. ಎರಡನೆಯ ಸಲ ಸಾಹೇಬರು ಫೀಲ್ಡಿನಲ್ಲಿದ್ದರು. ಮೂರನೆಯ ಸಲ ಸಿಕ್ಕರು. ಮೂವತ್ತು ವಯಸ್ಸಿನವನು. ಇಸ್ತ್ರಿ ಮಾಡಿದ ಅಂಗಿ, ಹಣೆಗೆ ವಿಭೂತಿ. ಅವನ ಮುಂದೆ ಎರಡು ಕುರ್ಚಿ ಖಾಲಿ ಇದ್ದವು. ಅವನು ಕೂಡು ಅನ್ನಲಿಲ್ಲ. ಅವಳು ಕೂಡಲಿಲ್ಲ.

ಬುರ್ಹಾನುದ್ದೀನ ಹೇಳಿಕೊಟ್ಟದ್ದನ್ನೆಲ್ಲ ಹೇಳಿದಳು. ವೋಟರ್ ನಂಬರು ಬೇರೆ. ವಿಳಾಸ ಬೇರೆ. ಗಂಡ ಸತ್ತಿದ್ದಾನೆ.

"ನಿಮ್ಮವ್ರಾಗ ಎಲ್ಲಾರೂ ಮಾರೆಮ್ಮ, ದುರುಗಮ್ಮ, ಹುಲಿಗೆಮ್ಮ," ಅಂದ ಅವನು. "ಕಂಪ್ಯೂಟರ್ ಏನು ಮಾಡಬೇಕು? ಹೆಸರು ಕೂಡತದ, ಗಂಡನ ಹೆಸರು ಕೂಡತದ, ಡೇಟ್ ಆಫ್ ಬರ್ತ್ ಕೂಡತದ. ಇನ್ನೇನು ಬೇಕು ನಿನಗ?"

"ಸಾಲ ಕೊಡಾಕ ಮುಂದ ಫೋಟೋ ತಗೀತೀರಲ್ರೀ. ಫೋಟೋ ನೋಡ್ರಿ. ನನ್ನ ಮಾರಿ ನೋಡ್ರಿ."

ಅವನು ಬೇಸರದಿಂದ ಕೀಲಿ ಒತ್ತಿದ. ಪರದೆಯ ಮೇಲೆ ಜೆರಾಕ್ಸಿನ ಫೋಟೋ ಬಂತು. ಕಪ್ಪು ಕಲೆ. ಸೆರಗಿನ ಅಂಚು ಬಿಟ್ಟು ಏನೂ ಕಾಣುತ್ತಿರಲಿಲ್ಲ.

"ಕರ್ರಗ ಬಂದದ," ಅಂದ. "ನೀನೂ ಕರ್ರಗ ಅದಿ."

ಪಕ್ಕದ ಮೇಜಿನವನು ನಕ್ಕ.

ಮಾರೆಮ್ಮ ಹೊರಗಿನ ಸಾಲಿನಲ್ಲಿ ಎರಡು ತಾಸು ನಿಂತಿದ್ದಳು. ಬಸ್ಸಿನಲ್ಲಿ ಒಂದೂವರೆ ತಾಸು. ಕಟ್ಟಿದ ಬಟ್ಟೆ ಸಡಿಲಾಗಿತ್ತು. ತಡೆಯಲಾಗಲಿಲ್ಲ. "ಇಲ್ಲಿ ಸಂಡಾಸ ಎಲ್ಲದ ರೀ?" ಎಂದು ಸಣ್ಣ ದನಿಯಲ್ಲಿ ಕೇಳಿದಳು.

"ಸ್ಟಾಫಿಗೆ ಮಾತ್ರ. ಕೆಳಗ ಹೋಗು."

"ಕೆಳಗ ಇಲ್ರೀ. ನೋಡಿ ಬಂದೀನಿ."

"ಮತ್ತ ನಾನೇನು ಮಾಡ್ಲಿ? ಕೇಳಿಲ್ಲಿ. ಎರಡು ದಾರಿ ಅದಾವ. ಹದಿನೆಂಟು ಸಾವಿರ ಕಟ್ಟು, ಸೆಟಲ್‌ಮೆಂಟ್ ಮಾಡ್ತೀವಿ. ಇಲ್ಲಂದ್ರ, ಇದು ಬ್ಯಾರೆ ಮಾರೆಮ್ಮನ ಸಾಲ ಅಂತೀಯಲ್ಲ, ಆಕಿ ಕಡೆ ಬರಿಸ್ಕೊಂಡು ಬಾ. ಈ ಸಾಲ ನಂದು, ನಾ ತಗೊಂಡೀನಿ ಅಂತ. ಹೆಬ್ಬೆಟ್ಟು ಒತ್ತಿಸ್ಕೊಂಡು ಬಾ. ಆಗ ನಿನ್ನ ಹೆಸರು ತಗೀತೀನಿ."

ಇಳಿಯುವಾಗ ಮೆಟ್ಟಿಲ ಮೇಲೆ ಅವಳ ಸೀರೆ ಒದ್ದೆಯಾಯಿತು. ಕಾಲಿಗುಂಟ ಹರಿದು ಮೆಟ್ಟಿಲಿಗೂ ಬಿತ್ತು. ಮೊಬೈಲ್ ಅಂಗಡಿಯವನು ನೋಡಿ ಒದರಿದ. ವಾಚ್‌ಮನ್ ಒಂದು ಹರಕು ಚೀಲ ತಂದು ಅವಳ ಮುಂದೆ ಒಗೆದ. "ಒರಸಿ ಹೋಗು." ನಲವತ್ತಮೂರು ವರ್ಷದ ಹೆಂಗಸು ರಸ್ತೆಗೆ ಬೆನ್ನು ಮಾಡಿ ಕೂತು ಮೆಟ್ಟಿಲು ಒರಸಿದಳು. ಯಾರದೋ ಸಾಲಕ್ಕೆ.

ಬುರ್ಹಾನುದ್ದೀನ ಕಾಗದ ಟೈಪ್ ಮಾಡಿದ. ಮಾರೆಮ್ಮ ಗಂಡ ಹುಸೇನಪ್ಪ ಆದ ನಾನು ಈ ಸಾಲವನ್ನು ಪಡೆದಿರುತ್ತೇನೆ, ಬಾಕಿ ಇರುವುದು ನಿಜ. ಇಷ್ಟೇ. ಇಂಕಿನ ಪ್ಯಾಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕೊಟ್ಟ. ದುಡ್ಡು ತೆಗೆದುಕೊಳ್ಳಲಿಲ್ಲ.

ಮಾರ್ಚ್ ಹನ್ನೊಂದಕ್ಕೆ ಅವಳು ಸಿರವಾರದ ಮೇಲೆ ದೇವದುರ್ಗಕ್ಕೆ ಹೋದಳು. ವಿಳಾಸ ಕೇಳುತ್ತ ಊರ ಹೊರಗಿನ ಕೇರಿಗೆ ಬಂದಳು. ಮನೆ ಸಿಕ್ಕಿತು. ಬೀಗ ಹಾಕಿತ್ತು. ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಅಡ್ಡಾದಿಡ್ಡಿ ಅಕ್ಷರ. ಪಕ್ಕದ ಮನೆಯ ಹುಡುಗಿಯನ್ನು ಓದು ಅಂದಳು. "ಈ ಮನಿ ಫೈನಾನ್ಸ್ ಸಾಲದಾಗ ಅದ, ಯಾರೂ ಕೊಳ್ಳಬಾರದು ಅಂತ ಬರದಾರ" ಎಂದು ಹೇಳಿ ಹುಡುಗಿ ಒಳಗೆ ಓಡಿತು.

ಓಣಿಯ ಬಾಗಿಲುಗಳು ಒಂದೊಂದಾಗಿ ಮುಚ್ಚಿದವು. ಕೊನೆಗೆ ಒಬ್ಬ ಮುದುಕಿ ಮಾತ್ರ ಕಟ್ಟೆಯ ಮೇಲೆ ಉಳಿದಳು. ಹೆಸರು ಶೇಖಮ್ಮ.

"ಯಾವ ಕಂಪನಿಯಾಕಿ ನೀನು?"

"ಕಂಪನಿಯಾಕಿ ಅಲ್ಲವ್ವಾ. ಮಾನ್ವಿ. ಗಿರಣಿ ಕೂಲಿ."

"ಹೆಸರು?"

"ಮಾರೆಮ್ಮ."

ಶೇಖಮ್ಮ ಎಲೆಯಡಿಕೆ ಅಗಿಯುವುದನ್ನು ನಿಲ್ಲಿಸಿದಳು. "ಗಂಡ?"

"ಹುಸೇನಪ್ಪ. ಸತ್ತಾನ."

ಮುದುಕಿ ಅವಳ ಕಾಲು ನೋಡಿದಳು. ಕಣದ ಬಿಸಿಗೆ ಹಿಮ್ಮಡಿ ಸೀಳಿ ಕಪ್ಪು ಗೆರೆಗಳಾಗಿದ್ದವು. ಅಂಗಾಲು ಸುಟ್ಟ ಹಂಚಿನಂತಿತ್ತು. ಅಂಥ ಕಾಲಿನವರು ವಸೂಲಿಗೆ ಬರುವುದಿಲ್ಲ. ಒಳಗೆ ಹೋಗಿ ತಂಬಿಗೆ ನೀರು ತಂದಳು. "ಕುಡಿ. ಆಮ್ಯಾಲ ನನ್ನ ಹಿಂದ ಬಾ. ದೂರ ಬಾ. ಜೋಡಿ ನಡೀಬ್ಯಾಡ."

ನಾಲ್ಕು ಮೈಲಿ ನಡೆದರು. ಕಾಲುವೆಯ ಆಚೆ ಮೆಣಸಿನಕಾಯಿ ಹೊಲ. ಹೊಲದ ಮೂಲೆಯಲ್ಲಿ ತಗಡಿನ ಗುಡಿಸಲು. ಆ ಮಾರೆಮ್ಮ ಅಲ್ಲಿ ಮಗಳ ಜೊತೆ ಕೂತು ಒಣಗಿದ ಕಾಯಿಯ ತೊಟ್ಟು ಮುರಿಯುತ್ತಿದ್ದಳು. ಶೇಖಮ್ಮನ ಹಿಂದೆ ಹೊಸ ಹೆಂಗಸನ್ನು ಕಂಡವಳೇ ಎದ್ದು ಓಡಲು ನಿಂತಳು.

"ಕುಂದ್ರು, ಕುಂದ್ರು," ಅಂದಳು ಶೇಖಮ್ಮ. "ಈಕಿನೂ ಮಾರೆಮ್ಮ."

ಅವಳು ಇವಳಿಗಿಂತ ಎತ್ತರ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಮುಖ ಎಲ್ಲೂ ಕೂಡುತ್ತಿರಲಿಲ್ಲ. ಇವಳು ಎಲ್ಲ ಹೇಳಿದಳು. ನಿಗಮ, ಆಡು, ರಿಪೋರ್ಟು, ಫೋನು. ಮೆಟ್ಟಿಲು ಒರಸಿದ್ದನ್ನು ಮಾತ್ರ ಬಿಟ್ಟಳು. ಅವಳು ತೊಟ್ಟು ಮುರಿಯುತ್ತಲೇ ಕೇಳಿದಳು.

"ನಾ ತಗೊಂಡೀನಿ," ಅಂದಳು. "ಸುಳ್ಳು ಯಾಕ ಹೇಳ್ಲಿ? ಐವತ್ತು ಸಾವಿರ ತಗೊಂಡೀನಿ. ಹದಿಮೂರು ಕಂತು ಕಟ್ಟೀನಿ. ಪುಣೆದಾಗ ಗೌಂಡಿ ಕೆಲಸಕ್ಕ ಹೋದಾವ ನನ್ನ ಗಂಡ. ಮೂರನೇ ಅಂತಸ್ತಿನಿಂದ ಬಿದ್ದು ನಡ ಮುರೀತು. ತಮ್ಮನ ಮನ್ಯಾಗ ಹಾಸಿಗಿ ಮ್ಯಾಲ ಅದಾನ. ಕಂತು ತಪ್ತು. ಅವರು ಬಂದು ಹೊಸ್ತಿಲಾಗ ಕುಂತ್ರು. ಮುಂಜಾನಿ ಏಳಕ್ಕ ಬಂದ್ರ ರಾತ್ರಿ ಹತ್ತಕ್ಕ ಏಳೋರು. ಒಲಿ ಹಚ್ಚಾಕ ಬಿಡಲಿಲ್ಲ. ಸಿಲಿಂಡರ್ ಒಯ್ದ್ರು. ಕಡೀಕ ನನ್ನ ಮಗಳ ಕಡೆ ಬೆರಳು ಮಾಡಿ ಒಬ್ಬಾವ ಒಂದು ಮಾತು ಅಂದ."

ಮಗಳಿಗೆ ಹದಿನಾರಿರಬಹುದು. ತಲೆ ಎತ್ತಲಿಲ್ಲ.

"ಏನಂದ?" ಎಂದು ಇವಳು ಕೇಳಲಿಲ್ಲ.

"ಅವತ್ತ ರಾತ್ರಿ ಬೀಗ ಹಾಕಿ ಬಂದೀನಿ. ಈ ಹೊಲದವರು ಒಳ್ಳೇರು, ಕೂಲಿ ಅರ್ಧ ಕೊಡ್ತಾರ, ಯಾರಿಗೂ ಹೇಳಂಗಿಲ್ಲ."

ಇವಳೂ ಒಂದು ಹಿಡಿ ಕಾಯಿ ಎಳೆದುಕೊಂಡು ತೊಟ್ಟು ಮುರಿಯತೊಡಗಿದಳು. ಆಮೇಲೆ ಆ ಮಾರೆಮ್ಮ ಕೇಳಿದಳು: "ಒಂದನೇ ಜನವರಿನ ನಿಂದೂ?"

"ಹೂಂ."

"ನನ್ನವ್ವ ನನ್ನ ಹಡದದ್ದು ಜ್ವಾಳ ಬಿತ್ತೋ ಕಾಲಕ್ಕ. ಕಾರ್ಡು ಮಾಡಾವನಿಗೆ ಹೇಳಿದ್ದೆ. ಬರ್ಕೊಳ್ಳಲಿಲ್ಲ."

"ನನ್ನವ್ವ ದೀವಳಿಗಿ ಹಟ್ಟಿ ಹಬ್ಬದ ಮರುದಿನ ಅಂತಿದ್ಲು."

ಶೇಖಮ್ಮ ಮೊದಲು ನಕ್ಕಳು. ಆಮೇಲೆ ಅವಳು, ಇವಳು. ಮಗಳೂ ಸೆರಗು ಬಾಯಿಗೆ ಹಿಡಿದು ನಕ್ಕಳು. ಮೆಣಸಿನ ಘಾಟಿಗೆ ಎಲ್ಲರೂ ಕೆಮ್ಮಿದರು.

"ತಾ ಕಾಗದ," ಅಂದಳು ಆ ಮಾರೆಮ್ಮ. "ನನ್ನ ಸಾಲ ಇನ್ನೊಬ್ಬಾಕಿ ತಲಿ ಮ್ಯಾಲ ಯಾಕ ಇರಬೇಕು? ನೀನೂ ನನ್ನಂಗ ಹೊತ್ತು ತಿನ್ನಾಕಿ."

ಅವಳ ಹೆಬ್ಬೆರಳು ಖಾರದಿಂದ ಬೆಂದು ಸಿಪ್ಪೆ ಎದ್ದಿತ್ತು. ಇಂಕು ತಾಗಿದಾಗ ಹಲ್ಲು ಕಚ್ಚಿದಳು. ಗುರುತು ಸರಿಯಾಗಿ ಮೂಡಲಿಲ್ಲ. ಇನ್ನೊಮ್ಮೆ ಒತ್ತಿದಳು. ಎರಡು ನೀಲಿ ಕಲೆ ಬಿದ್ದವು. ಹೊರಡುವಾಗ ಒಂದು ಸೆರಗು ಮೆಣಸಿನಕಾಯಿ ಕಟ್ಟಿ ಕೊಟ್ಟಳು. "ನಾ ಎಲ್ಲದೀನಿ ಅಂತ ಮಾತ್ರ ಹೇಳಬ್ಯಾಡ ಯವ್ವಾ. ನನಗಲ್ಲ. ಈ ಹುಡುಗಿ ಸಲುವಾಗಿ."

"ಹೇಳಂಗಿಲ್ಲ."

ಅದನ್ನು ಹೇಳುವಾಗ ಅದು ದೊಡ್ಡ ಮಾತು ಎಂದು ಮಾರೆಮ್ಮನಿಗೆ ಅನ್ನಿಸಿರಲಿಲ್ಲ. ಸಾಲ ಅವಳದು ಎಂದು ಬರೆದರೆ ಸಾಕಲ್ಲ, ಎಲ್ಲಿದ್ದಾಳೆ ಎನ್ನುವುದು ಯಾಕೆ ಬೇಕು ಎಂದುಕೊಂಡಿದ್ದಳು.

ರಾಯಚೂರಿನ ಸಾಹೇಬ ಕಾಗದ ಓದಿದ. ಮತ್ತೊಮ್ಮೆ ಓದಿದ. ನಕ್ಕ.

"ಕುಂದ್ರಮ್ಮಾ," ಅಂದ.

ಮಾರೆಮ್ಮ ಕೂತಳು. ಕುರ್ಚಿ ತಣ್ಣಗಿತ್ತು. ಅವನು ಚಹಾ ತರಿಸಿದ. ಪಕ್ಕದ ಮೇಜಿನವನು ಎದ್ದು ಬಂದು ನಿಂತ. "ಬಿಸ್ಕೀಟ್ ತರಿಸ್ಲ್ಯಾ?" ಅಂದ.

"ಎಲ್ಲಿ ಸಿಕ್ಕಳು ಈಕಿ? ಎರಡು ವರ್ಷ ಆತು, ನಮ್ಮ ಹುಡುಗರು ಚಪ್ಪಲಿ ಸವಿಸ್ಯಾರ. ಯಾವ ಊರಾಗ ಅದಾಳ?"

"ನನ್ನ ಹೆಸರು ತಗೀತೀನಿ ಅಂದಿದ್ರಿ."

"ತಗೀತೀನಿ. ಇವತ್ತ ತಗೀತೀನಿ. ಊರು ಹೇಳು. ಯಾರ ಮನ್ಯಾಗ ಅದಾಳ? ಮಗಳು ಜೋಡಿ ಅದಾಳೇನು?"

ಪಕ್ಕದ ಮೇಜಿನವನು ಆಗಲೇ ಜೇಬಿನಿಂದ ಬೈಕಿನ ಕೀಲಿ ತೆಗೆದಿದ್ದ. ಬೆರಳಿಗೆ ಸಿಕ್ಕಿಸಿ ತಿರುಗಿಸುತ್ತಿದ್ದ. ಮಗಳು ಎಂಬ ಮಾತಿಗೆ ಅವನ ಬಾಯಿ ಒಂದು ಕಡೆ ಎಳೆಯಿತು. ಮಾರೆಮ್ಮ ಅದನ್ನು ನೋಡಿದಳು. ಚಹಾ ಕೈಯಲ್ಲೇ ಇತ್ತು. ಕುಡಿಯಲಿಲ್ಲ. ಕುರ್ಚಿ ಯಾಕೆ ಕೊಟ್ಟರೆಂದು ಈಗ ತಿಳಿಯಿತು. ಅವಳ ಹೆಸರಿಗೆ ಅಂಟಿದ ತಪ್ಪು ತಿದ್ದಲು ಅಲ್ಲ. ಅವಳು ನಾಯಿಯ ಹಾಗೆ ವಾಸನೆ ಹಿಡಿದು ಬೇಟೆ ತೋರಿಸಿದ್ದಳು.

ಲೋಟವನ್ನು ಮೇಜಿನ ಮೇಲಿಟ್ಟು ಎದ್ದಳು.

"ಆಕಿ ಸಿಗಲಿಲ್ರೀ."

"ಅಂದ್ರ?"

"ದೇವದುರ್ಗಕ್ಕ ಹೋಗಿದ್ದೆ. ಮನಿ ಬೀಗ ಹಾಕಿತ್ತು. ಸಿಗಲಿಲ್ಲ."

"ಮತ್ತ ಈ ಹೆಬ್ಬೆಟ್ಟು ಯಾರದು?"

ಆ ಒಂದು ಗಳಿಗೆ ಅವಳಿಗೆ ಆಡುಗಳು ನೆನಪಾದವು. ಸುಳ್ಳಲ್ಲ, ನೆನಪಾದವು. ಆಚೆ ಹೊಲದ ಹುಡುಗಿಯ ತಗ್ಗಿಸಿದ ತಲೆಯೂ ನೆನಪಾಯಿತು.

"ನಂದ ರೀ. ನಾನ ಒತ್ತೀನಿ."

 ಸಾಹೇಬ ಅವಳನ್ನು ನೋಡಿದ. ಕಾಗದ ನೋಡಿದ. ನಿಧಾನವಾಗಿ ಅವನ ಮುಖಕ್ಕೆ ನಗು ಮರಳಿತು. ಈ ಸಲದ ನಗು ಬೇರೆ.

"ಗೊತ್ತದೇನು ಇದರಾಗ ಏನು ಬರದದ ಅಂತ? ಮಾರೆಮ್ಮ ಗಂಡ ಹುಸೇನಪ್ಪ ಆದ ನಾನು ಈ ಸಾಲ ತಗೊಂಡೀನಿ, ಬಾಕಿ ಅದ. ಹೆಬ್ಬೆಟ್ಟು ನಂದು ಅಂತೀದಿ. ಇಬ್ಬರ ಮುಂದ ಅಂದೀದಿ. ಹಂಗಾರ ಸಾಲ ನಿಂದ ಆತಲ್ಲ?"

ಮಾರೆಮ್ಮ ಕೈ ಚಾಚಿ ಕಾಗದ ಕಸಿದುಕೊಂಡಳು. ನಾಲ್ಕು ತುಂಡು ಮಾಡಿದಳು. ಎಂಟು ಮಾಡಿದಳು. ಅವನು ತಡೆಯಲೂ ಇಲ್ಲ. ಪಕ್ಕದವನು ಮೊಬೈಲು ಎತ್ತಿ ತೋರಿಸಿದ. "ಫೋಟೋ ತಗದಾಗ್ಯಾದ. ಹರಿ, ಇನ್ನೂ ಹರಿ."

"ಈಗೂ ಟೈಮ್ ಅದ," ಅಂದ ಸಾಹೇಬ. "ಊರು ಯಾವುದು ಅಂತ ಹೇಳು. ಇದನ್ನ ಡಿಲೀಟ್ ಮಾಡಸ್ತೀನಿ."

ಬಾಯಿ ತೆರೆದರೆ ಒಂದು ಊರಿನ ಹೆಸರು ಬರುತ್ತಿತ್ತು. ಎರಡು ತಿಂಗಳ ಓಡಾಟ, ಕಳೆದ ಕೂಲಿ, ಹೊರಬರುತ್ತಿದ್ದ ಗರ್ಭ, ಎಲ್ಲಕ್ಕೂ ಒಂದು ಹೆಸರು ಸಾಕಿತ್ತು. 

"ತಪ್ಪು ನಿಮ್ಮದು," ಅಂದಳು. "ನಿಮ್ಮ ತಪ್ಪು ತಿದ್ದಾಕ ನನ್ನ ಕೈಲೆ ಇನ್ನೊಬ್ಬಾಕಿ ಕುತ್ತಿಗಿ ಹಿಡಸ್ತೀರೇನು? ನಾ ಹೇಳಂಗಿಲ್ಲ. ಏನ್ ಬರ್ಕೋತೀರಿ ಬರ್ಕೋರಿ."

"ಹೊರಗ ಹಾಕ್ಲೇ ಈಕಿನ್ನ!"

ಯಾರೂ ಹೊರಗೆ ಹಾಕಬೇಕಾಗಲಿಲ್ಲ. ಅವಳೇ ಇಳಿದು ಹೋದಳು.

ಬುರ್ಹಾನುದ್ದೀನ ಎಲ್ಲ ಕೇಳಿ ತಲೆ ಹಿಡಿದುಕೊಂಡ. "ಯಾ ಅಲ್ಲಾ. ಆಕಿ ಹೆಬ್ಬೆಟ್ಟು ಆಕಿದು ಅಂತ ಅಂದಿದ್ರ ಸಾಕಿತ್ತು ಅಕ್ಕಾ. ಜಾಗ ಹೇಳಂಗಿಲ್ಲ ಅಂತ ಹೇಳಬೇಕಿತ್ತು."

"ಬಿಡ್ತಿದ್ರೇನು ಅವರು?"

ಅವನು ತಲೆಯಿಂದ ಕೈ ತೆಗೆದ. "ಬಿಡ್ತಿರಲಿಲ್ಲ," ಅಂದ.

ಮೇಲಿನವರಿಗೆ ಬರೆಯೋಣ ಅಂದ. ಬರೆದ. ಬ್ಯಾಂಕು ಫೈನಾನ್ಸಿನ ಮೇಲಿನ ತಕರಾರು ಕೇಳುವ ಲೋಕಪಾಲ ಅಂತ ಒಬ್ಬರು ಇದ್ದಾರಂತೆ. ಅಲ್ಲಿಂದ ಒಂದು ನಂಬರು ಬಂತು, ಅರ್ಜಿ ಸೇರಿದೆ ಎಂದು. ಆಮೇಲೆ ಏನೂ ಬರಲಿಲ್ಲ. ಮಾರ್ಚ್ ಮೂವತ್ತೊಂದರ ಸಂಜೆ ಮಾರೆಮ್ಮ ಗಿರಣಿಯಿಂದ ನೇರ ಬ್ಯಾಂಕಿಗೆ ಹೋದಳು. ತಲೆಯಲ್ಲಿ ತೌಡು ಇತ್ತು. ವಿಜಯಲಕ್ಷ್ಮಿ ಮೇಡಂ ಪರದೆ ನೋಡಿ, "ಇನ್ನೂ ಹಂಗ ಅದ ಅಮ್ಮಾ. ಈಗ ಸಾಲಗಾರರು ಒಪ್ಪಿಕೊಂಡಾರ ಅಂತ ಬ್ಯಾರೆ ಸೇರ್ಯಾದ," ಅಂದರು. ಮೇಡಂ ಕೆಟ್ಟವರಲ್ಲ. ಅವರ ಕಣ್ಣಲ್ಲಿ ನೀರು ಬಂತು. ಕಣ್ಣೀರು ಒರಸಿಕೊಂಡು ಅವಳ ಅರ್ಜಿಯ ಮೇಲೆ ತಿರಸ್ಕೃತ ಎಂದು ಮುದ್ರೆ ಒತ್ತಿದರು.

ಏಪ್ರಿಲ್ ಮೊದಲ ಸೋಮವಾರ ಬೆಳಿಗ್ಗೆ ಏಳಕ್ಕೆ ಬೈಕು ಬಂತು. ಇಬ್ಬರು. ಒಬ್ಬ ಬೈಕಿನ ಮೇಲೇ ಕೂತು ಫೋನು ನೋಡತೊಡಗಿದ. ಇನ್ನೊಬ್ಬ ಬಂದು ಹೊಸ್ತಿಲ ಮೇಲೆ ಕೂತ. ಬೆನ್ನನ್ನು ಒಂದು ಚೌಕಟ್ಟಿಗೆ ಆನಿಸಿದ. ಕಾಲನ್ನು ಎದುರಿನ ಚೌಕಟ್ಟಿಗೆ ಚಾಚಿದ. ಹೊರಗೆ ಹೋಗುವ ದಾರಿ ಮುಚ್ಚಿತು.

"ದುಡ್ಡು ಇಡು. ಆಮ್ಯಾಲ ಕೆಲಸಕ್ಕ ಹೋಗು."

"ದುಡ್ಡು ಇಲ್ಲ."

"ಹಂಗಾರ ಕುಂದ್ರು. ನಾನೂ ಕುಂದರ್ತೀನಿ."

ಕೇರಿಯವರು ಅಲ್ಲಲ್ಲಿ ನಿಂತು ನೋಡಿದರು. ಯಾರೂ ಹತ್ತಿರ ಬರಲಿಲ್ಲ. ಅರ್ಧದಷ್ಟು ಮನೆಗಳಲ್ಲಿ ಅದೇ ಫೈನಾನ್ಸಿನ ಸಾಲವಿತ್ತು. ಎಂಟು ಗಂಟೆಗೆ ಗಿರಣಿಯ ಸೈರನ್ನು ಕೂಗಿತು. ಹತ್ತು ನಿಮಿಷ ತಡವಾದರೆ ಅರ್ಧ ದಿನದ ಕೂಲಿ ಹಿಡಿಯುತ್ತಿದ್ದರು. ಮಾರೆಮ್ಮ ಬುತ್ತಿಯ ಗಂಟು ಹಿಡಿದು ಒಳಗೆ ನಿಂತಿದ್ದಳು.

"ಕಾಲು ತಗಿ."

"ತಗ್ಯಂಗಿಲ್ಲ."

ಅವನಿಗೆ ಇಪ್ಪತ್ತೆರಡಿರಬಹುದು. ಗಡ್ಡ ಇನ್ನೂ ಸರಿಯಾಗಿ ಬಂದಿರಲಿಲ್ಲ. ಅಂಗಿಯ ಕಂಕುಳು ಹರಿದಿತ್ತು. ಕೂತ ಗಂಡಸನ್ನು ಹೆಂಗಸು ದಾಟಬಾರದು. ಅದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಹುಟ್ಟಿದಾಗಿನಿಂದ ಗೊತ್ತಿತ್ತು. ಅವಳು ಸೀರೆಯನ್ನು ಮೊಣಕಾಲಿನ ತನಕ ಎತ್ತಿ ಸೊಂಟಕ್ಕೆ ಸಿಕ್ಕಿಸಿದಳು. ಚೌಕಟ್ಟು ಹಿಡಿದುಕೊಂಡಳು. ಒಂದು ಕಾಲು ಎತ್ತಿ ಅವನ ಕಾಲಿನ ಆಚೆ ಇಟ್ಟಳು. ಆಮೇಲೆ ಇನ್ನೊಂದು.

"ಏಯ್! ನನ್ನ ದಾಟಿ ಹೋಗ್ತೀಯೇನ್ಲೇ?"

ಅವಳು ತಿರುಗಲಿಲ್ಲ.

"ಸಂಜಿಗೂ ಇಲ್ಲೇ ಇರ್ತೀವಿ!"

"ಇರ್ರಿ," ಅಂದಳು. "ಬಾಗಲಾ ತೆರದದ. ಒಯ್ಯಾಕ ಏನಿಲ್ಲ."

ಗಿರಣಿಯಲ್ಲಿ ಅವತ್ತು ಅರ್ಧ ಕೂಲಿ ಬರೆದರು. ಸಂಜೆ ಅವಳು ಮನೆಗೆ ಬಂದಾಗ ಹುಡುಗ ಇನ್ನೂ ಹೊಸ್ತಿಲ ಮೇಲೇ ಇದ್ದ. ಬೆಳಗಿನಿಂದ ಉಂಡಿರಲಿಲ್ಲ, ಮುಖ ಸೋತಿತ್ತು. ಕಾಲು ಮಾತ್ರ ಹಾಗೇ ಚಾಚಿತ್ತು. ಮಾರೆಮ್ಮ ಸೀರೆ ಎತ್ತಿ ಸಿಕ್ಕಿಸಿದಳು. ಮತ್ತೆ ದಾಟಿದಳು, ಒಳಗೆ.